ಬೆಳೆಯುವ ಕಂಪ್ಯೂಟರು

ಅವತ್ತಿನ ಅಷ್ಟೂ ರಾದ್ಧಾಂತಕ್ಕೆ ಕಾರಣ ಒಂದು ದೀರ್ಘ. ಮದುವೆ ಗಂಡಿನ ಹೆಸರು ಆಕರ್ಷ್. ಅಜ್ಜಂಪುರದ ಮುದ್ದಪ್ಪ ಪ್ರಿಂಟರ್ಸ್‌ನಲ್ಲಿ ತಯಾರಾಗುತ್ತಿದ್ದ ಲಗ್ನಪತ್ರಿಕೆಯಲ್ಲಿ ಅದು ‘ಅಕರ್ಷ್’ ಎಂದಾಗಿತ್ತು.

ಹುಡುಗಿಯ ತಾಯಿ ಪುಟ್ಟಲಕ್ಷ್ಮಿ ಮೇಡಂ ಅದನ್ನು ತಿದ್ದಿಸಲು ಬಂದದ್ದು ಇದು ಮೂರನೆಯ ಸಲ. ಮೂವತ್ತೆರಡು ವರ್ಷ ಕನ್ನಡ ಕಲಿಸಿ ಹೋದ ವರ್ಷವಷ್ಟೇ ನಿವೃತ್ತರಾಗಿದ್ದ ಅವರು ಪ್ರೂಫನ್ನು ಮೇಜಿನ ಮೇಲೆ ಹರಡಿ, ಕೆಂಪು ಪೆನ್ನಿನ ತುದಿಯಿಂದ ಆ ಅಕ್ಷರವನ್ನು ಕುಟ್ಟಿದರು.

“ಒಂದು ದೀರ್ಘ ಹಾಕೋಕೆ ಇನ್ನೆಷ್ಟು ದಿನ ಬೇಕೋ ಕಾಂತರಾಜು? ಮದ್ವೆಗೆ ಇನ್ನು ಹನ್ನೆರಡೇ ದಿನ ಇರೋದು.”

ಕಾಂತರಾಜು ಎದ್ದು ನಿಂತ. ಪ್ರೆಸ್ಸಿನಲ್ಲಿ ಹದಿನಾಲ್ಕು ವರ್ಷದಿಂದ ಡಿಸೈನ್ ಮಾಡುತ್ತಿದ್ದ ಅವನಿಗೆ ಈಗ ಮೂವತ್ತೊಂಬತ್ತು. ಆದರೂ ಐದನೇ ಕ್ಲಾಸಿನಲ್ಲಿ ಪಾಠ ಹೇಳಿದ ಮೇಡಂ ಕಂಡರೆ ಅವನ ಮಂಡಿಗಳು ಅವನನ್ನು ಕೇಳದೆಯೇ ನೆಟ್ಟಗಾಗುತ್ತಿದ್ದವು.

“ನಾನು ಹಾಕಿದೀನಿ ಮೇಡಂ. ಇದು ಇಟ್ಕೊಳ್ಳಲ್ಲ. ಸೇವ್ ಕೊಟ್ಟ ತಕ್ಷಣ ಹ್ಯಾಂಗ್ ಆಗುತ್ತೆ. ಆಫ್ ಮಾಡಿ ಆನ್ ಮಾಡಿದ್ರೆ ಹಳೇದೇ ಬತ್ತದೆ” ಎಂದು ಅವನು ಕಂಪ್ಯೂಟರಿನತ್ತ ಬೆರಳು ತೋರಿದ.

ಅದೊಂದು ಪುಟ್ಟ ಕಂಪ್ಯೂಟರು. ಊಟದ ಡಬ್ಬಿಯಷ್ಟು ದೊಡ್ಡದು, ಅಷ್ಟೇ ಬಿಸಿ. ನಾಲ್ಕು ವರ್ಷದ ಹಿಂದೆ ಮಾಲೀಕ ಮುದ್ದಪ್ಪ ‘ಜಾಗ ಉಳೀತು’ ಎಂದು ಊರಿಗೆಲ್ಲ ತೋರಿಸಿ ತಂದು ಕೂರಿಸಿದ್ದು. ಜಾಗ ಉಳಿದದ್ದು ನಿಜ. ಕೆಲಸವೂ ಉಳಿಯುತ್ತಿತ್ತು.

“ಮುದ್ದಣ್ಣ, ನಾನು ವರ್ಷದಿಂದ ಬಡ್ಕೊತಿದೀನಿ” ಎಂದು ಕಾಂತರಾಜು ಶುರುಮಾಡಿದ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ದಿನಾ ಫೋನಿನಲ್ಲಿ ಕಂಪ್ಯೂಟರಿನ ವಿಡಿಯೋ ನೋಡಿ ನೋಡಿ ಈ ವಿಷಯದಲ್ಲಿ ಅವನಿಗೆ ಅಪಾರ ಆತ್ಮವಿಶ್ವಾಸ ಬಂದಿತ್ತು. “ಇದರ ಮೆಮೊರಿ ಬೋರ್ಡಿಗೇ ಬೆಸುಗೆ ಹಾಕಿರೋದು. ಒಂದು ಗುಲಗಂಜಿಯಷ್ಟೂ ಜಾಸ್ತಿ ಮಾಡೋಕಾಗಲ್ಲ. ನಮಗೆ ಬೇಕಾಗಿರೋದು ನಡುವಿನ ಸೈಜು. ಬೀರುವಿನಂಥ ದೊಡ್ಡದೂ ಬೇಡ, ಡಬ್ಬಿಯಂಥ ಚಿಕ್ಕದೂ ಬೇಡ. ಬಾಗಿಲು ತೆಗೆದು ಒಳಗೆ ಕೈ ಹಾಕೋ ಹಂಗಿರ್ಬೇಕು. ಇವತ್ತು ಒಂದು ಹಾಕಿದ್ರೆ ನಾಳೆ ಇನ್ನೊಂದು ಸೇರಿಸೋ ಹಂಗಿರ್ಬೇಕು. ಬೆಳೀಬೇಕು ಅದು.”

“ಬೆಳೆಯೋಕೆ ಅದೇನು ಕರುನಾ?” ಎಂದ ಮುದ್ದಪ್ಪ, ಕಾಫಿ ಹೀರುತ್ತ.

ಪಕ್ಕದ ಸೈಕಲ್ ಶಾಪಿನ ಬೆನಕಪ್ಪ ಗಲಾಟೆ ಎಲ್ಲಿದ್ದರೂ ಅಲ್ಲಿ ಹಾಜರಾಗುವವನು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ತೀರ್ಪು ಕೊಟ್ಟ. “ಹೊಸಾದೆಲ್ಲ ಯಾಕ್ರೀ? ಧೂಳು ಕೂತಿರ್ತದೆ ಅಷ್ಟೆ. ತಡೀರಿ, ಬತ್ತೀನಿ.”

ಬಂದಾಗ ಅವನ ಕೈಯಲ್ಲಿ ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪಿತ್ತು. ಕಾಂತರಾಜು ‘ಬೇಡ’ ಎನ್ನಲು ಬಾಯಿ ತೆರೆದ. ಆಮೇಲೆ ಏನೋ ಯೋಚಿಸಿ ಮುಚ್ಚಿಕೊಂಡ. ಬೆನಕಪ್ಪ ಪಂಪಿನ ನಳಿಗೆಯನ್ನು ಪುಟ್ಟ ಕಂಪ್ಯೂಟರಿನ ಕಿಂಡಿಗೆ ಹಿಡಿದು, ಲಾರಿ ಟೈರಿಗೆ ಹೊಡೆಯುವವನಂತೆ ಹತ್ತು ಸಲ ಒತ್ತಿದ. ಒಳಗಿನ ಫ್ಯಾನು ‘ಟಿಣ್’ ಎಂದಿತು. ಹಸಿರು ದೀಪ ಒಮ್ಮೆ ಕಣ್ಣು ಮಿಟುಕಿಸಿ ಆರಿಹೋಯಿತು. ಆಮೇಲೆ ಯಾರು ಯಾವ ಗುಂಡಿ ಒತ್ತಿದರೂ ಅದು ಉಸಿರೆತ್ತಲಿಲ್ಲ.

“ಧೂಳಂತೂ ಹೋಯ್ತು” ಎಂದು ಹೇಳಿ ಬೆನಕಪ್ಪ ಪಂಪು ಹೆಗಲಿಗೇರಿಸಿಕೊಂಡು ಹೊರಟುಬಿಟ್ಟ.

ಮದುವೆ ಸೀಸನ್ನಿನಲ್ಲಿ ಪ್ರೆಸ್ಸು ನಿಂತರೆ ಹೇಗೆ? ಮುದ್ದಪ್ಪನಿಗೆ ಬೇರೆ ದಾರಿಯಿರಲಿಲ್ಲ. ಕಡೂರಿನ ಕಂಪ್ಯೂಟರ್ ಅಂಗಡಿಗೆ ಹೋಗಿ ಹೊಸದು ತರುವುದು, ಸತ್ತದ್ದರೊಳಗಿನ ಫೈಲುಗಳನ್ನು ಅಲ್ಲೇ ತೆಗೆಸುವುದು ಎಂದು ತೀರ್ಮಾನವಾಯಿತು. ಕಾಂತರಾಜು ಒಳಗೊಳಗೇ ಬೆನಕಪ್ಪನಿಗೆ ಕೈ ಮುಗಿದ.

“ನಾನೂ ಬರ್ತೀನಿ” ಎಂದರು ಪುಟ್ಟಲಕ್ಷ್ಮಿ ಮೇಡಂ. “ನನ್ನ ಮಗಳ ಲಗ್ನಪತ್ರಿಕೆ ಅದರೊಳಗಿದೆ. ಅದು ಎಲ್ಲಿಗೆ ಹೋಗುತ್ತೋ ನಾನೂ ಅಲ್ಲಿಗೆ. ಕೊಡಿಲ್ಲಿ, ನಾನೇ ಹಿಡ್ಕೊತೀನಿ. ನಿಮ್ಮನ್ನೆಲ್ಲ ನಂಬಿದ್ದು ಸಾಕು.”

ಪುಟ್ಟ ಕಂಪ್ಯೂಟರನ್ನು ಟವೆಲಿನಲ್ಲಿ ಸುತ್ತಿ ಮಗುವಿನಂತೆ ಎತ್ತಿಕೊಂಡರು. ದಾರಿಯಲ್ಲಿ ಮನೆಗೆ ಹೊಕ್ಕು, ಇನ್ನೊಂದು ಟವೆಲಿನಲ್ಲಿ ಸುತ್ತಿದ ಊಟದ ಡಬ್ಬಿಯನ್ನೂ ತಂದರು. ಮಗಳು ಮಾನ್ಯಾ ಬೀರೂರಿನ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ಊಟ ಮರೆತು ಹೋಗಿದ್ದಳು. ಹೇಗೂ ಮೂವರೂ ಹತ್ತುವ ಬಸ್ಸು ಬೀರೂರಿನ ಮೇಲೇ ಹೋಗುವುದು.

ಬೀರೂರಿನ ಬಸ್‌ಸ್ಟ್ಯಾಂಡಿನಲ್ಲಿ ಮಾನ್ಯಾ ಕಾದು ನಿಂತಿದ್ದಳು. ಕಂಡಕ್ಟರು ಆಗಲೇ ಸೀಟಿ ಊದಿದ್ದ. ಮೇಡಂ ಕಿಟಕಿಯಿಂದ ಗಂಟು ದಾಟಿಸಿ, “ಬಿಸಿ ಇರುವಾಗ್ಲೇ ತಿನ್ನು ಕಣೇ” ಎಂದರು. ಬಸ್ಸು ಹೊರಟಿತು.

ಕಡೂರಿನ ಅಂಗಡಿ ನಡೆಸುತ್ತಿದ್ದವಳು ಸ್ಫೂರ್ತಿ ಎಂಬ ಚುರುಕು ಹೆಣ್ಣುಮಗಳು. ಅವಳ ಮುಂದೆ ಕಾಂತರಾಜು ಗಂಟನ್ನಿಟ್ಟು, ಬಿಚ್ಚುವ ಮೊದಲೇ ಭಾಷಣಕ್ಕೆ ನಿಂತ. “ನೋಡಿ, ಇದು ಮುಚ್ಚಿದ ಡಬ್ಬಿ. ಕಂಪನಿಯೋರು ಏನು ಹಾಕಿ ಕೊಟ್ಟಿದಾರೋ ಅಷ್ಟೇ. ನಾವು ನಮ್ ಕೈಯಾರೆ ಒಳಗೆ ಏನೂ ಸೇರಿಸೋ ಹಂಗಿಲ್ಲ.”

ಹಾಗೆಂದು ಟವೆಲು ಎಳೆದ. ಜೊತೆಗೆ ಮುಚ್ಚಳವೂ ಕಳಚಿಬಂತು. ನಾಲ್ಕು ಚಪಾತಿ, ಹೀರೇಕಾಯಿ ಪಲ್ಯ, ಒಂದು ಪುಟ್ಟ ಬಟ್ಟಲು ಮೊಸರು.

ಸ್ಫೂರ್ತಿ ಬಗ್ಗಿ ನೋಡಿ, “ಇದಕ್ಕೆ ಸೇರಿಸ್ಬೋದು ಸಾರ್. ಉಪ್ಪಿನಕಾಯಿ ಬೇಕು ಅಷ್ಟೆ” ಎಂದಳು.

ಅಷ್ಟರಲ್ಲಿ ಮೇಡಂ ಫೋನು ಹೊಡೆದುಕೊಂಡಿತು. ಆ ಕಡೆಯಿಂದ ಮಾನ್ಯಾಳ ದನಿ ಅಂಗಡಿಗೆಲ್ಲ ಕೇಳಿಸುತ್ತಿತ್ತು. “ಅಮ್ಮಾ, ಏನ್ ಡಬ್ಬಿ ಇದು? ಮುಚ್ಚಳಾನೇ ಬರ್ತಿಲ್ಲ. ನಮ್ ಓನರ್ರು ಸ್ಕ್ರೂಡ್ರೈವರ್ ತರ್ತಿದಾರೆ.”

“ಮುಟ್ಬೇಡ!” ಎಂದು ಕಾಂತರಾಜು ಕೂಗಿದ. “ಯಾರೂ ಮುಟ್ಬೇಡಿ! ನಾನು ಬಂದೆ!”

ಅವನು ಸ್ಫೂರ್ತಿಯ ಸ್ಕೂಟರ್ ಇಸಿದುಕೊಂಡ. ಹೊರಡುವ ಮುಂಚೆ ಜೇಬಿನಿಂದ ನಾಲ್ಕು ಮಡಿಕೆಯ ಚೀಟಿ ತೆಗೆದು ಅವಳ ಕೈಗಿತ್ತ. ಯಾವ ಪ್ರೊಸೆಸರು, ಎಷ್ಟು ಮೆಮೊರಿ, ಒಳಗೆ ಎಷ್ಟು ಸ್ಲಾಟು ಖಾಲಿ ಇರಬೇಕು ಎಂದೆಲ್ಲ ವರ್ಷದಿಂದ ತಿದ್ದಿ ತಿದ್ದಿ ಬರೆದ ಚೀಟಿ ಅದು. “ಇದರಲ್ಲಿರೋದೇ ಕೊಡಿ. ನಮ್ ಓನರ್ರು ಚಿಕ್ಕದು ಕೇಳಿದ್ರೆ ಕೊಡ್ಬೇಡಿ. ಬೆಳೆಯೋ ಕಂಪ್ಯೂಟರ್ರೇ ಬೇಕು.”

“ನಿಶ್ಚಿಂತೆಯಾಗಿ ಹೋಗ್ಬನ್ನಿ ಸಾರ್” ಎಂದಳು ಸ್ಫೂರ್ತಿ.

ಸ್ಕೂಟರಿನಲ್ಲಿ ಪೆಟ್ರೋಲು ಇರಲಿಲ್ಲ ಎಂಬುದು ಅರ್ಧ ದಾರಿಯಲ್ಲಿ ತಿಳಿಯಿತು. ಉರಿಬಿಸಿಲಿನಲ್ಲಿ ಬಂಕಿನವರೆಗೆ ತಳ್ಳಿಕೊಂಡು ಹೋಗಿ, ಬೀರೂರು ಮುಟ್ಟುವಷ್ಟರಲ್ಲಿ ಕಾಂತರಾಜು ಬೆವರಿನಲ್ಲಿ ತೊಯ್ದು ನೀರಿಗೆ ಬಿದ್ದ ಕೋಳಿಯಂತಾಗಿದ್ದ. ಔಷಧಿ ಅಂಗಡಿಯ ಕೌಂಟರಿನ ಮೇಲೆ ಪುಟ್ಟ ಕಂಪ್ಯೂಟರು ಕ್ಷೇಮವಾಗಿತ್ತು. ಸುತ್ತ ಮೂರು ಜನ ನಿಂತು ಅದನ್ನು ನೋಡುತ್ತಿದ್ದರು. ಎರಡು ಸ್ಕ್ರೂ ಮಾತ್ರ ಆಗಲೇ ಹೊರಬಂದಿದ್ದವು.

ಅದನ್ನೆತ್ತಿ ಎದೆಗೊತ್ತಿಕೊಂಡು ಹೊರಡಬೇಕೆನ್ನುವಾಗ ಮಾನ್ಯಾ ಕೇಳಿದಳು. “ಅಣ್ಣಾ, ನನ್ನ ಊಟ?”

ಕಾಂತರಾಜು ತಲೆಯ ಮೇಲೆ ಕೈ ಹೊತ್ತ. ಊಟದ ಡಬ್ಬಿ ಕಡೂರಿನ ಅಂಗಡಿಯಲ್ಲೇ ಉಳಿದಿತ್ತು.

ಮೇಡಂ ಮಗಳನ್ನು ಉಪವಾಸ ಬಿಟ್ಟು ಹೋಗಿ, ಮೇಡಂ ಎದುರು ನಿಲ್ಲುವ ಧೈರ್ಯ ಅವನಿಗಿರಲಿಲ್ಲ. ಎದುರಿನ ಹೋಟೆಲಿಗೆ ಕರೆದೊಯ್ದು ದೋಸೆ ಹೇಳಿದ. ದೋಸೆ ಬರಲು ಮುಕ್ಕಾಲು ಗಂಟೆಯಾಯಿತು.

“ಅಮ್ಮ ನಿಮಗೆ ತುಂಬಾ ಕಾಟ ಕೊಡ್ತಿದಾಳಾ ಅಣ್ಣ?” ಎಂದಳು ಮಾನ್ಯಾ ದೋಸೆ ಮುರಿಯುತ್ತ. “ರಿಟೈರ್ ಆದಾಗಿಂದ ಹಂಗೇ. ಮನೇಲಿ ತಿದ್ದೋಕೆ ಏನೂ ಇಲ್ಲ. ಕ್ಯಾಲೆಂಡರ್ ತಿದ್ತಾಳೆ. ಬಿಸ್ಕತ್ ಪೊಟ್ಟಣ ತಿದ್ತಾಳೆ. ಮೊನ್ನೆ ಕರೆಂಟ್ ಬಿಲ್ಲಲ್ಲಿ ಒತ್ತಕ್ಷರ ತಪ್ಪಿದೆ ಅಂತ ಮೀಟರ್ ಓದೋರನ್ನ ಅರ್ಧ ಗಂಟೆ ನಿಲ್ಲಿಸ್ಕೊಂಡಿದ್ಲು. ನಾನಿರೋವರ್ಗೂ ನನ್ ಹತ್ರ ಜಗಳ ಆಡ್ಕೊಂಡಾದ್ರೂ ಇರ್ತಾಳೆ. ಮದ್ವೆಯಾಗಿ ತರೀಕೆರೆಗೆ ಹೋದ್ಮೇಲೆ ಒಬ್ಳೇ ಏನ್ಮಾಡ್ತಾಳೋ ಅಂತ ಯೋಚ್ನೆ.”

ಅವಳ ಕಣ್ಣು ತುಂಬಿತು. ಕಾಂತರಾಜು ಚಟ್ನಿಯ ಬಟ್ಟಲನ್ನು ಅವಳತ್ತ ಸರಿಸಿದ.

“ಯೋಚ್ನೆ ಮಾಡ್ಬೇಡಮ್ಮ” ಎಂದ ಗಟ್ಟಿಯಾಗಿ. “ಅವರಂಥೋರಿಗೆ ಏನಾದ್ರೂ ಒಂದು ಕೆಲ್ಸ ಸಿಕ್ಕೇ ಸಿಗುತ್ತೆ.”

ಅವನು ಕಡೂರಿಗೆ ಮರಳಿದಾಗ ಮೂರು ಗಂಟೆ ದಾಟಿತ್ತು. ಮುದ್ದಪ್ಪ ಮತ್ತು ಮೇಡಂ ಚಪಾತಿ ಮುಗಿಸಿ, ಫ್ಯಾನಿನ ಕೆಳಗೆ ಹಳೇ ಸ್ನೇಹಿತರಂತೆ ಹರಟುತ್ತಿದ್ದರು. ಬೆಳಿಗ್ಗೆ ‘ನಿಮ್ಮನ್ನೆಲ್ಲ ನಂಬಿದ್ದು ಸಾಕು’ ಎಂದು ಸಿಡುಕಿದವರು ಇದೇ ಮೇಡಂ. ಮೇಡಂ ಚೌಕಾಸಿ ಮಾಡಿ ಪ್ರಿಂಟರಿಗೆ ಒಂದು ಬಾಟಲಿ ಇಂಕನ್ನು ಪುಕ್ಕಟೆ ಹಾಕಿಸಿದ್ದರಂತೆ. ಸಾಲದ್ದಕ್ಕೆ ಅಂಗಡಿಯ ಬೋರ್ಡಿನಲ್ಲಿ ಎರಡು ತಪ್ಪು ಹಿಡಿದಿದ್ದರಂತೆ.

ನೆಲದ ಮೇಲೆ ಹೊಸ ಕಂಪ್ಯೂಟರು ನಿಂತಿತ್ತು. ಮೊಣಕಾಲೆತ್ತರ, ಕಪ್ಪು ಬಣ್ಣ, ಪಕ್ಕದಲ್ಲಿ ತೆಗೆದು ಹಾಕುವ ಬಾಗಿಲು. ಕಾಂತರಾಜು ಬಾಗಿಲು ತೆಗೆದು ಒಳಗೆ ಇಣುಕಿದ. ಮನೆ ಕಟ್ಟಿಸಿದವನು ಖಾಲಿ ರೂಮುಗಳನ್ನು ನೋಡುವ ಹಾಗೆ ಒಂದೊಂದೇ ಸ್ಲಾಟನ್ನು ನೋಡಿದ. ಚೀಟಿಯಲ್ಲಿದ್ದದ್ದೆಲ್ಲ ಇತ್ತು. ಚೀಟಿಯಲ್ಲಿ ಇಲ್ಲದ್ದೂ ಇತ್ತು.

“ಇನ್ನೊಂದು ಕಾರ್ಡ್ ಹಾಕಿದೀರಲ್ಲ?”

“ನಿಮ್ ಓನರ್ ಹೇಳಿದ್ರು ಸಾರ್, ಸೇರಿಸಿದೀನಿ” ಎಂದಳು ಸ್ಫೂರ್ತಿ. “ಎರಡು ಮಾನಿಟರ್ ತಗೊಂಡ್ರಲ್ಲ, ಅದಕ್ಕೆ.”

ಎರಡು ಮಾನಿಟರ್! ಒಂದರಲ್ಲಿ ಡಿಸೈನು, ಇನ್ನೊಂದರಲ್ಲಿ ಫೋಟೋ. ದೊಡ್ಡ ದೊಡ್ಡ ಸ್ಟುಡಿಯೋದವರು ಮಾತ್ರ ಹಾಗೆ ಕೆಲಸ ಮಾಡುವುದನ್ನು ಅವನು ವಿಡಿಯೋದಲ್ಲಿ ನೋಡಿದ್ದ. ಬೆನಕಪ್ಪನ ಪಂಪಿಗೆ ಹೂವಿನ ಹಾರ ಹಾಕಬೇಕು ಅನ್ನಿಸಿತು. ಸ್ಫೂರ್ತಿ ಹಳೇ ಡಬ್ಬಿಯ ಹೊಟ್ಟೆ ಬಿಚ್ಚಿ, ಫೈಲುಗಳನ್ನೆಲ್ಲ ಹೊಸದಕ್ಕೆ ತುಂಬಿಕೊಟ್ಟಳು. ಲಗ್ನಪತ್ರಿಕೆ ಅಲ್ಲೇ ತೆರೆಯಿತು. ಕಾಂತರಾಜು ದೀರ್ಘ ಹಾಕಿ ಸೇವ್ ಒತ್ತಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಸೇವ್ ಆಯಿತು. ಗಂಡು ಆಕರ್ಷ್ ಆದ.

“ಶಭಾಷ್” ಎಂದರು ಮೇಡಂ. ಐದನೇ ಕ್ಲಾಸಿನಲ್ಲಿ ಒಮ್ಮೆಯೂ ಸಿಗದ ಮಾತು ಅದು.

ಲಗೇಜ್ ಆಟೋದಲ್ಲಿ ಸಾಮಾನು ಹೇರಿಕೊಂಡು ಮೂವರೂ ಅಜ್ಜಂಪುರಕ್ಕೆ ಬಂದಾಗ ಇನ್ನೂ ಬೆಳಕಿತ್ತು. ದಾರಿಯುದ್ದಕ್ಕೂ ಕಾಂತರಾಜು ಮುಂದೆ ಯಾವ ಸ್ಲಾಟಿಗೆ ಏನು ಹಾಕಬಹುದೆಂದು ವಿವರಿಸಿದ. ಮುದ್ದಪ್ಪ ಎಂದೂ ಇಲ್ಲದ ವಿನಯದಿಂದ ತಲೆಯಾಡಿಸಿದ. “ನೀನು ಹೇಳಿದ್ದು ನಿಜ ಕಣೋ ಕಾಂತ. ಬೆಳೆಯೋ ವಸ್ತೂನೇ ತಗೋಬೇಕು. ನನಗೀಗ ಅರ್ಥ ಆಯ್ತು.”

ಪ್ರೆಸ್ಸಿನಲ್ಲಿ ಕಾಂತರಾಜು ಒಂದೊಂದೇ ವೈರು ಸಿಕ್ಕಿಸಿ, ಎರಡೂ ಮಾನಿಟರುಗಳನ್ನು ತನ್ನ ಕುರ್ಚಿಯ ಎದುರಿಗೆ ಎತ್ತಿನ ಜೋಡಿಯಂತೆ ನಿಲ್ಲಿಸಿದ. ರಟ್ಟಿನ ಡಬ್ಬದ ತಳದಲ್ಲಿ ಇನ್ನೊಂದು ಕೀಬೋರ್ಡು, ಇನ್ನೊಂದು ಮೌಸು ಸಿಕ್ಕವು.

“ಮುದ್ದಣ್ಣ, ಇವನ್ನ ಎರಡೆರಡು ಕೊಟ್ಬಿಟ್ಟಿದಾರೆ.”

“ಬೇಕಲ್ಲಪ್ಪ” ಎಂದ ಮುದ್ದಪ್ಪ. “ಆ ಒಂದು ಪರದೇನ ಈ ಕಡೆ ತಿರುಗ್ಸು.”

“ಯಾಕಣ್ಣ?”

“ಒಂದೇ ಕಂಪ್ಯೂಟರಿಗೆ ಎರಡು ಪರದೆ, ಎರಡು ಕೀಬೋರ್ಡ್ ಹಾಕಿದ್ರೆ ಇಬ್ರು ಬೇರೆ ಬೇರೆ ಕೆಲ್ಸ ಮಾಡ್ಬೋದಂತೆ. ಆ ಹುಡುಗಿ ಎಲ್ಲಾ ಹಾಕ್ಕೊಟ್ಟಿದಾಳೆ. ಅಷ್ಟು ಶಕ್ತಿ ಇರೋ ವಸ್ತೂನ ನಿನಗೊಬ್ಬನಿಗೇ ಕೊಟ್ಟು ದಂಡ ಮಾಡೋಕಾಯ್ತದಾ? ನಮ್ ಪ್ರೆಸ್ಸಿಗೆ ಒಬ್ರು ಪ್ರೂಫ್ ನೋಡೋರು ಬೇಕೇ ಬೇಕಾಗಿತ್ತು. ಮೇಡಮ್ಮೋರು ಒಪ್ಕೊಂಡಿದಾರೆ. ಇವತ್ತಿಂದ್ಲೇ.”

ಪುಟ್ಟಲಕ್ಷ್ಮಿ ಮೇಡಂ ಆಗಲೇ ಕುರ್ಚಿ ಎಳೆದುಕೊಂಡು ಅವನ ಎದುರಿಗೆ ಕೂತಿದ್ದರು. ಕನ್ನಡಕ ಒರೆಸಿಕೊಂಡು ಮೌಸು ಹಿಡಿದ ಅವರ ಮುಖದಲ್ಲಿ ಶಾಲೆ ಶುರುವಾದ ದಿನದ ಕಳೆಯಿತ್ತು.

ಕಾಂತರಾಜು ಹೆಚ್ಚು ಹೊತ್ತು ಎದೆಗುಂದಲಿಲ್ಲ. ಇರಲಿ, ಇಷ್ಟು ಬಲವಾದ ಯಂತ್ರ ಇಬ್ಬರನ್ನಲ್ಲ, ನಾಲ್ವರನ್ನು ಬೇಕಾದರೂ ಹೊರುತ್ತದೆ. ಅವನು ಹೊಸ ಲಗ್ನಪತ್ರಿಕೆಯೊಂದನ್ನು ತೆರೆದ. ಮೂಲೆಯಲ್ಲಿ ಬಾಳೆಕಂಬ ಇಟ್ಟ. ಕಲಶವನ್ನು ಹಿಡಿದು ಎಳೆಯುತ್ತಿದ್ದ ಹಾಗೇ ಅದು ಹಾಳೆಯ ನಡುವೆ ಗಕ್ಕನೆ ನಿಂತಿತು. ಮೌಸು ಅಲ್ಲಾಡಿಸಿದ. ಪರದೆಯ ಮೇಲೆ ಬಾಣ ಕದಲಲಿಲ್ಲ. ಕೆಳಗೆ ಫ್ಯಾನು ಏದುಸಿರು ಬಿಡತೊಡಗಿತು.

“ಮೇಡಂ, ನೀವು... ಏನ್ಮಾಡ್ತಿದೀರಾ?”

“ನೀನು ಇದುವರ್ಗೂ ಮಾಡಿರೋ ಲಗ್ನಪತ್ರಿಕೆ ಎಲ್ಲಾ ಒಟ್ಟಿಗೇ ತೆಗೆದಿದೀನಿ ಕಣೋ. ನಾನೂರ ಹನ್ನೆರಡು ಇವೆ” ಎಂದರು ಮೇಡಂ, ಕಣ್ಣು ಪರದೆಯಿಂದ ಕೀಳದೆ. “ಒಂದೊಂದ್ರಲ್ಲೂ ತಪ್ಪು. ಮೊದಲಿಂದ ತಿದ್ಕೊಂಡು ಬರೋಣ. ಎಲ್ಲಾ ತೆರೆಯೋವರ್ಗೂ ನೀನು ಏನೂ ಮುಟ್ಬೇಡ. ಕೈ ಕಟ್ಟಿ ಕೂತ್ಕೋ.”

ಕಾಂತರಾಜು ಕೈ ಕಟ್ಟಿ ಕೂತ.