ಎಪ್ಪತ್ತೆರಡರ ಕಿರುಚಾಟ

ಕೊರಟಗೆರೆಯ ರಂಗೇಶನ ಕೈ ಆ ಶುಕ್ರವಾರ ಬೆಳಗ್ಗೆ ನಡುಗದೆ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ.

ಜ್ವರದ ನಡುಕವಲ್ಲ, ಖುಷಿಯ ನಡುಕ. ಇಂಗ್ಲೆಂಡಿನ ‘ಥಂಡರ್ ಕಾಫಿನ್’ ಎಂಬ ಹೆವಿ ಮೆಟಲ್ ತಂಡ ಎಷ್ಟೋ ವರ್ಷ ಬಾಯಿ ಮುಚ್ಚಿಕೊಂಡಿದ್ದು, ಅಂದು ಹೊಸ ಆಲ್ಬಮ್ ಬಿಟ್ಟಿತ್ತು. ತುಮಕೂರಿನ ಹಾಸ್ಟೆಲಿನಲ್ಲಿ ಓದುವಾಗ ಯಾರದೋ ಕ್ಯಾಸೆಟ್ಟಿನಲ್ಲಿ ಆ ತಂಡದ ಹಾಡು ಕೇಳಿದ ರಂಗೇಶ ಅಂದಿನಿಂದ ಅದರ ಭಕ್ತ. ಈಗ ಅವನಿಗೆ ನಲವತ್ತು ದಾಟಿದೆ, ನೆತ್ತಿ ಬೋಳಾಗಿದೆ, ‘ಸಿದ್ಧಶ್ರೀ ಪತ್ತಿನ ಸಹಕಾರ ಸಂಘ’ದ ಕೊರಟಗೆರೆ ಶಾಖೆಯಲ್ಲಿ ಗುಮಾಸ್ತನಾಗಿದ್ದಾನೆ. ಆದರೂ ಗಿಟಾರಿನ ಮೊದಲ ಏಟು ಕಿವಿಗೆ ಬಿದ್ದರೆ ಸಾಕು, ಇಲ್ಲದ ಕೂದಲನ್ನು ಬೀಸಿ ಬೀಸಿ ತಲೆ ಕುಣಿಸುತ್ತಾನೆ. ಹೆಂಡತಿ ಲೋಹಿತಾಳ ಪ್ರಕಾರ ಅದು ಹಾಡೇ ಅಲ್ಲ, ಮಿಕ್ಸಿಗೆ ಜಲ್ಲಿಕಲ್ಲು ಹಾಕಿ ತಿರುವಿದ ಸದ್ದು. ಅವಳ ಕಾಟ ಬೇಡವೆಂದು ರಂಗೇಶ ಹೆಡ್‌ಫೋನ್ ಸಿಕ್ಕಿಸಿಕೊಂಡು ತಾರಸಿ ಹತ್ತಿ, ನೀರಿನ ಟ್ಯಾಂಕಿನ ಮರೆಯಲ್ಲಿ ನಿಂತ.

ಹಾಡು ಶುರುವಾಯಿತು. ಡ್ರಮ್ ಶಿರಾದ ಕಡಲೇಕಾಯಿ ಮಿಲ್ಲಿನಂತೆ ದಡದಡಿಸಿತು. ಎರಡು ಗಿಟಾರುಗಳು ಒಂದೇ ಸ್ಟಾಪಿನ ಪ್ರಯಾಣಿಕರಿಗಾಗಿ ರೇಸಿಗೆ ಬಿದ್ದ ಖಾಸಗಿ ಬಸ್ಸುಗಳಂತೆ ಒಂದನ್ನೊಂದು ಅಟ್ಟಿಸಿಕೊಂಡು ಹೋದವು. ಅವುಗಳ ಮೇಲಿಂದ ಬಂತು ನೋಡಿ, ಎಪ್ಪತ್ತೆರಡು ವರ್ಷದ ಆ ಗಾಯಕನ ಕಿರುಚು! ಗಂಟಲು ಹೋಗಿದೆ, ಇನ್ನು ಅವನ ಕೈಲಾಗದು ಎಂದು ಲೋಕವೆಲ್ಲ ಹೇಳುತ್ತಿತ್ತು. ರಂಗೇಶನ ಕಣ್ಣಲ್ಲಿ ನೀರೇ ಬಂತು. ಮೂರು ಹಾಡು ಮುಗಿಯುವಷ್ಟರಲ್ಲಿ ತಡೆಯಲಾರದೆ ಫೋನ್ ಬಾಯಿಗೆ ಹಿಡಿದು, ಮೆಟಲ್ ಅಭಿಮಾನಿಗಳ ವಾಟ್ಸಾಪ್ ಗುಂಪಿಗೆ ಕಳಿಸಲು ಮಾತು ರೆಕಾರ್ಡ್ ಮಾಡತೊಡಗಿದ.

“ಕೇಳ್ಬುಟ್ಟೆ ಕಣ್ರಪ್ಪಾ, ಕೇಳ್ಬುಟ್ಟೆ! ಎಪ್ಪತ್ತೆರಡು ವರ್ಷ ಆ ಮುದುಕನಿಗೆ! ಏನ್ ಕಿರುಚ್ತಾನೆ ಅಂತೀರಾ! ಮೊದಲ್ನೇ ಹಾಡಿಗೇ ಕಿವಿ ಕಿತ್ಕಂಡ್ ಬಂತು. ಎರಡ್ನೇದು ಕೇಳಿದ್ರೆ ಮಸಣದಾಗೆ ಮಲಗಿರೋ ಹೆಣ ಎಲ್ಲಾ ಎದ್ದು ಕುಂತ್ಕತವೆ. ಮೂರ್ನೇದ್ರಾಗಂತೂ ರಾಕ್ಷಸ, ಅಪ್ಪಟ ರಾಕ್ಷಸ! ಇಷ್ಟ್ ವರ್ಷ ಸುಮ್ಕಿದ್ದ, ಇವನ ಕತೆ ಮುಗೀತು ಅಂದ್ಕಂಡಿದ್ದೆ. ಮುಗ್ದಿಲ್ಲ! ಎಲ್ರೂ ಫುಲ್ ಸೌಂಡ್ ಕೊಟ್ಟು ಕೇಳಿ, ತಲೆ ಕೆಡದಿದ್ರೆ ನನ್ನ ಹೆಸ್ರು ಬದಲಾಯ್ಸಿ!”

ಇನ್ನೇನು ಗುಂಪಿನ ಹೆಸರು ಒತ್ತಬೇಕು, ಪಕ್ಕದ ತಾರಸಿಯಿಂದ ಕೂಗು ಬಂತು.

“ಯಾವ ದೇವ್ರಪ್ಪಾ ಬಂದಿರೋದು?”

ಸಂಡಿಗೆ ಒಣಗಿಸಲು ಬಂದಿದ್ದ ಪಟಾಲಮ್ಮ ಕೈ ಮುಗಿದು ನಿಂತಿದ್ದಳು. ರಂಗೇಶ ತಲೆ ಕುಣಿಸಿದ್ದನ್ನೂ ಕಿರುಚಿದ್ದನ್ನೂ ಅವಳು ಆಗಿನಿಂದ ಭಯಭಕ್ತಿಯಿಂದ ನೋಡುತ್ತಿದ್ದಳು. ರಂಗೇಶ ಬೆಚ್ಚಿಬಿದ್ದ. ನಡುಗುತ್ತಿದ್ದ ಬೆರಳು ಎಲ್ಲಿ ಬಿತ್ತೋ ಏನೋ, ಮೆಸೇಜ್ ಹೋಯಿತು.

“ದೇವ್ರೂ ಇಲ್ಲ ದೆವ್ವಾನೂ ಇಲ್ಲ, ಹೋಗಮ್ಮ.”

“ಅಂಗನ್ಬೇಡ ತಂದೆ. ನಮ್ ಎಮ್ಮೆ ಯಾವಾಗ ಕರ ಹಾಕ್ತೈತೆ, ಅದೊಂದ್ ಹೇಳ್ಬುಟ್ಟು ಮೈಯಿಂದ ಇಳೀಯಪ್ಪಾ!”

ರಂಗೇಶ ಮೆಟ್ಟಿಲಿಳಿದು ಓಡಿದ. ಸ್ನಾನ ಮಾಡುವಾಗಲೂ ಇಡ್ಲಿ ತಿನ್ನುವಾಗಲೂ ಅವನ ತಲೆ ತಾನಾಗಿ ಕುಣಿಯುತ್ತಿತ್ತು.

ಆಫೀಸಿನೊಳಗೆ ಕಾಲಿಟ್ಟಾಗ ಮ್ಯಾನೇಜರ್ ವನಜಾಕ್ಷಿ ಸಾವಿನ ಮನೆಯಲ್ಲಿ ಕುಳಿತಂತೆ ಗಲ್ಲಕ್ಕೆ ಕೈಕೊಟ್ಟು ಕುಳಿತಿದ್ದರು. ಅವರ ಪಕ್ಕದಲ್ಲಿ ಚಿನ್ನದ ಸಾಲದ ವಿಭಾಗದ ಹಫೀಜ್ ನಿಂತಿದ್ದ.

“ರಂಗೇಶ್, ನಿಮಗೇನು ಕೆಲಸ ಬೇಡ್ವಾ? ಹೆಂಡ್ತಿ ಮಕ್ಕಳು ಬೇಡ್ವಾ?” ಎಂದರು ವನಜಾಕ್ಷಿ.

“ಯಾಕೆ ಮೇಡಂ?”

ಹಫೀಜ್ ತನ್ನ ಫೋನ್ ಒತ್ತಿದ. ‘ಏನ್ ಕಿರುಚ್ತಾನೆ ಅಂತೀರಾ!’ ಎಂದು ರಂಗೇಶನದೇ ದನಿ ಶಾಖೆಯ ತುಂಬ ಮೊಳಗಿತು. ಮೆಸೇಜ್ ಬಿದ್ದಿದ್ದು ಸಂಘದ ಸಿಬ್ಬಂದಿಯ ಗುಂಪಿಗೆ!

ಅದೊಂದೇ ಆಗಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ಸಂಘದ ಅಧ್ಯಕ್ಷರು ಮಧುಗಿರಿಯ ನಂದೀಶ್ವರಯ್ಯನವರು. ಅವರಿಗೂ ಎಪ್ಪತ್ತೆರಡು. ಹಿಂದೆ ಭಜನಾ ಮಂಡಳಿಯವರ ಜೊತೆ ಜಗಳವಾಡಿಕೊಂಡು ಹಾಡುವುದನ್ನೇ ಬಿಟ್ಟಿದ್ದವರು, ಈಗ ಸ್ವಂತ ಖರ್ಚಿನಲ್ಲಿ ಸಿದ್ದರಬೆಟ್ಟದ ದೇವರ ಮೇಲೆ ‘ಸಿದ್ಧೇಶ್ವರ ನಾದಸುಧೆ’ ಎಂಬ ಭಕ್ತಿಗೀತೆಗಳ ಆಲ್ಬಮ್ ಹಾಡಿ, ಅಂದು ಬೆಳಗ್ಗೆಯೇ ಯೂಟ್ಯೂಬಿಗೆ ಬಿಟ್ಟಿದ್ದರು. ‘ಸಿಬ್ಬಂದಿ ವರ್ಗದವರೆಲ್ಲರೂ ಆಲಿಸಿ ಅಭಿಪ್ರಾಯ ತಿಳಿಸತಕ್ಕದ್ದು’ ಎಂದು ಗುಂಪಿನಲ್ಲಿ ಬರೆದಿದ್ದರು. ಅದರ ಕೆಳಗೆ ಸಾಲಾಗಿ ‘ಸುಮಧುರ’, ‘ಅದ್ಭುತ’, ಕೈ ಮುಗಿದ ಚಿತ್ರಗಳು. ಅವುಗಳ ಕೆಳಗೆ ರಂಗೇಶನ ರಾಕ್ಷಸ.

“ಅಯ್ಯೋ! ಇದು ಅವ್ರ ಬಗ್ಗೆ ಅಲ್ಲ ಮೇಡಂ! ಥಂಡರ್ ಕಾಫಿನ್ ಬಗ್ಗೆ!”

“ಹಂಗಂದ್ರೆ?”

“ಗುಡುಗಿನ... ಶವಪೆಟ್ಟಿಗೆ.”

ವನಜಾಕ್ಷಿ ಕಣ್ಣು ಮುಚ್ಚಿಕೊಂಡರು. “ಅದನ್ನೇ ಅಧ್ಯಕ್ಷರಿಗೆ ಹೇಳಿ, ಇನ್ನೂ ಖುಷಿ ಪಡ್ತಾರೆ.”

“ಮೊದ್ಲು ಡಿಲೀಟ್ ಹೊಡೀರಿ ಭಾಯ್,” ಎಂದ ಹಫೀಜ್.

ರಂಗೇಶ ಫೋನ್ ತೆಗೆದ. ‘ಎಲ್ಲರಿಗೂ ಅಳಿಸು’, ‘ನನಗೆ ಮಾತ್ರ ಅಳಿಸು’ ಎಂದು ಎರಡು ಸಾಲು ಬಂದವು. ಗಾಬರಿಯಲ್ಲಿ ಒಂದನ್ನು ಒತ್ತಿದ. ಮೆಸೇಜ್ ಮಾಯವಾಯಿತು.

“ಹೋಯ್ತು! ಹೋಗ್ಬುಡ್ತು!”

ಹಫೀಜ್ ತನ್ನ ಫೋನ್ ನೋಡಿದ. “ಯಾ ಅಲ್ಲಾ! ನಿಮ್ದ್ರಾಗೆ ಮಾತ್ರ ಹೋಗೈತೆ. ನಮ್ ಎಲ್ಲರ ಹತ್ರ ಗಟ್ಟಿಯಾಗಿ ಕುಂತೈತೆ. ಇನ್ ನೀವೇ ಅಳಿಸ್ಬೇಕು ಅಂದ್ರೂ ನಿಮಗೆ ಅದು ಕಾಣ್ಸಲ್ಲ.”

ಅಷ್ಟರಲ್ಲಿ ವನಜಾಕ್ಷಿಯ ಮೇಜಿನ ಫೋನ್ ಬಡಿದುಕೊಂಡಿತು. ಅವರು ಎದ್ದು ನಿಂತೇ ಮಾತಾಡಿದರು. “ಹೌದು ಸಾರ್... ಇದಾರೆ ಸಾರ್... ಕಳಿಸ್ತೀನಿ ಸಾರ್.” ಫೋನ್ ಇಟ್ಟು ರಂಗೇಶನತ್ತ ತಿರುಗಿದರು. “‘ಆ ರಂಗೇಶನ್ನ ಈಗಲೇ ನಮ್ಮನೆಗೆ ಕಳಿಸಿ’ ಅಂದ್ರು. ಇನ್ನೇನೂ ಹೇಳ್ಲಿಲ್ಲ.”

ರಂಗೇಶನ ತಲೆ ಕುಣಿಯುವುದನ್ನು ನಿಲ್ಲಿಸಿತು.

ವನಜಾಕ್ಷಿ ಕೋಪಿಷ್ಠರಾದರೂ ಕೈಬಿಡುವವರಲ್ಲ. “ಒಬ್ಬರೇ ಹೋದ್ರೆ ಏನೇನೋ ಒದರ್ತೀರಿ, ನಾನೂ ಬರ್ತೀನಿ,” ಎಂದು ಶಾಖೆಯನ್ನು ಹಫೀಜನಿಗೆ ಒಪ್ಪಿಸಿ ಹೊರಟರು. ಮಧುಗಿರಿಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಪಾಠ ಹೇಳಿದರು.

“ಹೋದ ತಕ್ಷಣ ಕಾಲಿಗೆ ಬೀಳಿ. ‘ನಿಮ್ಮ ಹಾಡು ನಾನು ಕೇಳೇ ಇಲ್ಲ, ಅದು ಬೇರೆ ಯಾರೋ ಮುದುಕನ ಬಗ್ಗೆ’ ಅಂತ ಸತ್ಯ ಹೇಳಿ. ನಿಮ್ಮ ಬಾಯಿ ಒಣಗಿದ್ರೆ ನಾನು ಹೇಳ್ತೀನಿ.”

“ಪಾವಗಡ ಬ್ರಾಂಚಿಗೆ ಹಾಕ್ತಾರಾ ಮೇಡಂ?”

“ಹಾಕಿದ್ರೆ ಪುಣ್ಯ. ಬ್ರಾಂಚೇ ಇಲ್ಲದ ಊರಿಗೆ ಹಾಕ್ದಿದ್ರೆ ಸಾಕು.”

ಬಸ್‌ಸ್ಟ್ಯಾಂಡಿನ ಹೂವಿನಂಗಡಿಯಲ್ಲಿ ಹಾರ ಕಟ್ಟಿಸಲು ವನಜಾಕ್ಷಿ ನಿಂತರು. ‘ನೀವು ಮುಂದೆ ಹೋಗಿರಿ, ತಡ ಆದ್ರೆ ಇನ್ನೂ ರೇಗ್ತಾರೆ’ ಎಂದು ರಂಗೇಶನನ್ನು ಅಟ್ಟಿದರು.

ರಂಗೇಶ ನಂದೀಶ್ವರಯ್ಯನವರ ಬೀದಿಗೆ ತಿರುಗಿದ. ಮನೆಯ ಮುಂದೆ ಹತ್ತಿಪ್ಪತ್ತು ಜೊತೆ ಚಪ್ಪಲಿ. ಜಗುಲಿಯ ಮೇಲೆ ಮನುಷ್ಯನೆತ್ತರದ ಸೌಂಡ್ ಬಾಕ್ಸು. ಅದರಿಂದ ಬೀದಿಗೆಲ್ಲ ಕೇಳುವಂತೆ ‘ರಾಕ್ಷಸ, ಅಪ್ಪಟ ರಾಕ್ಷಸ!’ ಎಂದು ಅವನದೇ ದನಿ ಅಬ್ಬರಿಸುತ್ತಿತ್ತು. ಜನ ಸೇರಿಸಿ ಮರ್ಯಾದೆ ತೆಗೆಯಲು ಕರೆಸಿದ್ದಾರೆ ಎಂದುಕೊಂಡು ರಂಗೇಶ ಒಳಗೆ ನುಗ್ಗಿ, ಕುರ್ಚಿಯಲ್ಲಿದ್ದ ಬಿಳಿ ಪಂಚೆಯ ಕಾಲುಗಳಿಗೆ ದೊಪ್ಪನೆ ಬಿದ್ದ.

“ಸಾರ್, ತಪ್ಪಾಯ್ತು...”

ಅಷ್ಟರಲ್ಲಿ ಎರಡು ಕೈಗಳು ಅವನನ್ನು ಎತ್ತಿ ಎದೆಗೆ ಒತ್ತಿಕೊಂಡವು. ನಂದೀಶ್ವರಯ್ಯನವರ ಕಣ್ಣು ಒದ್ದೆಯಾಗಿದ್ದವು.

“ಏನಪ್ಪಾ ತಪ್ಪು? ಅಷ್ಟು ಜನ ‘ಅದ್ಭುತ’ ಅಂತ ಬರೆದ್ರು. ಲಿಂಕ್ ಹಾಕಿ ನಿಮಿಷ ಆಗಿರ್ಲಿಲ್ಲ, ಹಾಡೆಲ್ಲ ಸೇರಿ ಅರ್ಧ ಗಂಟೆ ಮೇಲಿದೆ! ಯಾರೂ ಕೇಳಿಲ್ಲ, ನನಗೆ ಗೊತ್ತಾಗಲ್ವಾ? ನೀನೊಬ್ಬನೇ ಒಂದೊಂದೇ ಹಾಡು ಹಿಡಿದು ಹೇಳ್ದೆ. ಸಿದ್ಧರು ಸತ್ತವನನ್ನ ಎಬ್ಬಿಸಿದ್ದೇ ನನ್ನ ಎರಡನೇ ಹಾಡು. ಹೆಣ ಎದ್ದು ಕೂರ್ತವೆ ಅಂದ್ಯಲ್ಲ, ಮೈ ಜುಮ್ಮೆಂದಿತು! ಮೂರನೇದು ರಾಕ್ಷಸ ಸಂಹಾರ. ರಾಕ್ಷಸನ ದನಿ ಎಷ್ಟು ಕಷ್ಟಪಟ್ಟು ತೆಗೆದಿದ್ದೆ ಗೊತ್ತಾ? ಅದನ್ನ ನೀನೊಬ್ಬ ಗುರುತಿಸ್ದೆ!”

ಸುತ್ತಲಿದ್ದ ನೆಂಟರಿಷ್ಟರು ಚಪ್ಪಾಳೆ ತಟ್ಟಿದರು. ಯಾರೋ ರಂಗೇಶನ ಬಾಯಿಗೆ ಕೇಸರಿಬಾತ್ ಇಟ್ಟರು.

“ಮುಂದಿನ ತಿಂಗಳಿಂದ ನೀನು ಅಸಿಸ್ಟೆಂಟ್ ಮ್ಯಾನೇಜರ್!” ಎಂದರು ನಂದೀಶ್ವರಯ್ಯ.

ರಂಗೇಶನ ಎದೆಯಲ್ಲಿ ಡ್ರಮ್ ಬಾರಿಸಿತು. ಸತ್ಯ ಹೇಳಲು ಬಂದಿದ್ದ ನಾಲಿಗೆ ಕೇಸರಿಬಾತಿನ ಜೊತೆ ಒಳಗಿಳಿಯಿತು. “ತಮ್ಮ ಗಂಟಲು ಅಂಥದ್ದು ಸಾರ್,” ಎಂದುಬಿಟ್ಟ.

ಸರಿಯಾಗಿ ಆಗಲೇ ಹಾರ ಹಿಡಿದು, ಏದುಸಿರು ಬಿಡುತ್ತ ವನಜಾಕ್ಷಿ ಬಾಗಿಲಲ್ಲಿ ಕಾಣಿಸಿದರು. ಕಣ್ಣಿಗೆ ಬಿದ್ದದ್ದು ಇಷ್ಟೇ: ಅಧ್ಯಕ್ಷರ ಕೈ ರಂಗೇಶನ ಹೆಗಲ ಮೇಲಿದೆ, ಅಧ್ಯಕ್ಷರ ಕಣ್ಣಲ್ಲಿ ನೀರಿದೆ. ರಂಗೇಶ ಬೇಡ ಬೇಡವೆಂದು ತಲೆಯಾಡಿಸಿದ. ಪಾಪ, ಹೆದರಿದ್ದಾನೆ ಎಂದುಕೊಂಡರು ವನಜಾಕ್ಷಿ.

“ಸಾರ್, ನೊಂದ್ಕೋಬೇಡಿ ಸಾರ್! ದೇವರಾಣೆಗೂ ಅದು ನಿಮ್ಮ ಬಗ್ಗೆ ಹೇಳಿದ್ದಲ್ಲ! ಯಾರೋ ಇಂಗ್ಲೆಂಡಿನ ಮುದುಕನಂತೆ, ಗುಡುಗಿನ ಶವಪೆಟ್ಟಿಗೆಯವನು! ನಿಮ್ಮ ಹಾಡನ್ನ ಈ ರಂಗೇಶ್ ಒಂದು ಸಾಲೂ ಕೇಳಿಲ್ಲ ಸಾರ್. ಬೇಕಾದ್ರೆ ನಾನು ಸಾಕ್ಷಿ!”

ರಂಗೇಶನ ಹೆಗಲ ಮೇಲಿದ್ದ ಕೈ ಮೆಲ್ಲಗೆ ಜಾರಿತು.

“ಕೇಳಿಲ್ವಾ?”

“ಇಲ್ಲ ಸಾರ್,” ಎಂದ ರಂಗೇಶ, ನೆಲ ನೋಡುತ್ತ.

“ಎಪ್ಪತ್ತೆರಡು ವರ್ಷ ಅಂದದ್ದು?”

“ಅವನಿಗೂ ಅಷ್ಟೇ ಸಾರ್.”

ನಂದೀಶ್ವರಯ್ಯ ಸೌಂಡ್ ಬಾಕ್ಸಿನತ್ತ ಕೈ ತೋರಿಸಿದರು. “ಹಾಕು ಅವನನ್ನ. ಅದೇನು ಕಿರುಚ್ತಾನೋ ನಾನೂ ಕೇಳ್ತೀನಿ.”

ರಂಗೇಶ ತನ್ನ ಫೋನ್ ಜೋಡಿಸಿ ಹಾಕಿದ. ಮೊದಲ ಏಟಿಗೇ ಗೋಡೆಯ ಫೋಟೋಗಳು ಅದುರಿದವು. ಎರಡನೆಯದಕ್ಕೆ ನೆಂಟರು ಅಂಗಳಕ್ಕಿಳಿದರು. ವನಜಾಕ್ಷಿ ಹಾರದಿಂದಲೇ ಕಿವಿ ಮುಚ್ಚಿಕೊಂಡರು. ನಂದೀಶ್ವರಯ್ಯ ಮಾತ್ರ ಕಣ್ಣು ಮುಚ್ಚಿ ಅಲುಗಾಡದೆ ಕೇಳಿದರು. ಅಂಥ ಹೊತ್ತಿನಲ್ಲೂ ರಂಗೇಶನ ಹಾಳು ತಲೆ ತಾಳಕ್ಕೆ ಸರಿಯಾಗಿ ಕುಣಿಯತೊಡಗಿತು. ಹಾಡು ನಿಂತಾಗ ಅಧ್ಯಕ್ಷರು ಕಣ್ಣು ಬಿಟ್ಟರು.

“ಅವನಿಗೂ ಎಪ್ಪತ್ತೆರಡು. ನನಗೂ ಎಪ್ಪತ್ತೆರಡು. ಅವನಿಗೆ ಆಗೋದು ನನಗೆ ಆಗಲ್ವಾ?”

ಪಂಚೆ ಎತ್ತಿ ಕಟ್ಟಿ, ಎದೆ ತುಂಬ ಉಸಿರೆಳೆದು ಅವರು ಒಂದು ಕಿರುಚು ಕಿರುಚಿದರು. ಅದು ಬಾಗಿಲಿಗೆ ಬಾಲ ಸಿಕ್ಕಿಸಿಕೊಂಡ ಬೆಕ್ಕಿನಂತೆ ಶುರುವಾಗಿ, ಡೀಸೆಲ್ ಖಾಲಿಯಾದ ಟ್ರ್ಯಾಕ್ಟರಿನಂತೆ ಮುಗಿಯಿತು. ಬೀದಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು.

“ಹೆಂಗಿತ್ತು? ಸುಳ್ಳು ಹೇಳ್ಬೇಡ.”

“ಸಾರ್,” ಎಂದ ರಂಗೇಶ, “ಹುಟ್ಟಿದಾಗಿಂದ ಇಂಥದ್ದು ಕೇಳಿಲ್ಲ ಸಾರ್.” ಬೆಳಗ್ಗಿನಿಂದ ಅಧ್ಯಕ್ಷರ ಗಂಟಲಿನ ಬಗ್ಗೆ ಅವನು ಆಡಿದ ಮೊದಲ ಸತ್ಯ ಅದು.

ನಂದೀಶ್ವರಯ್ಯನವರ ಮುಖ ಮದುವೆಮನೆಯ ಸೀರಿಯಲ್ ಲೈಟಿನಂತೆ ಬೆಳಗಿತು. “ಇದು ನೋಡು, ಕೇಳಿ ಹೇಳಿದ ಮಾತು! ಭಜನೆ ಸಾಕು. ನನ್ನ ಮುಂದಿನ ಆಲ್ಬಮ್ ಇದೇ ಥರದ್ದು. ವನಜಾಕ್ಷಿಯವರೇ, ಬಡ್ತಿ ಗಿಡ್ತಿ ಏನೂ ಬೇಡ, ಇವನನ್ನ ಸೋಮವಾರದಿಂದ ಮಧುಗಿರಿ ಹೆಡ್ ಆಫೀಸಿಗೆ ವರ್ಗ ಮಾಡಿ. ದಿನಾ ಸಂಜೆ ಇಲ್ಲಿಗೆ ಬರಲಿ. ಕಿರುಚೋದು ನಾನು, ಎದುರಿಗೆ ನಿಂತು ತಲೆ ಕುಣಿಸೋದು ಇವನು.”

“ದಿನಾನಾ ಸಾರ್?” ಎಂದ ರಂಗೇಶ.

“ಭಾನುವಾರ ಆದ್ರೆ ಬೆಳಗ್ಗೆಯಿಂದಲೇ ಬಾ,” ಎಂದು ನಂದೀಶ್ವರಯ್ಯ ಮತ್ತೆ ಉಸಿರೆಳೆದುಕೊಂಡರು.