ಅರ್ಧ ಗಾಳಿ

ಭಾನುವಾರ ಬೆಳಿಗ್ಗೆ ಆರಕ್ಕೆ ಕೋಟದ ರಾಜೀವ ತನ್ನ ಸೈಕಲ್ಲಿನ ಎರಡೂ ಟಯರುಗಳಿಂದ ಅರ್ಧ ಗಾಳಿ ಬಿಟ್ಟ. ಆ ದಿನದ ರಗಳೆಯೆಲ್ಲ ಶುರುವಾದದ್ದು ಅಲ್ಲಿಂದಲೇ.

ಹೈವೇಯಲ್ಲಿ ದೂರದೂರ ತಿರುಗಲೆಂದು ಕೊಂಡ ಸೈಕಲ್ಲು ಅದು. ಅದನ್ನು ಅಮಾಸೆಬೈಲಿನ ಮಣ್ಣುದಾರಿಗೆ ಒಗ್ಗಿಸಲು ಐವತ್ನಾಲ್ಕರ ರಾಜೀವ ವಾರವಿಡೀ ಒದ್ದಾಡಿದ್ದ. ಮಡ್‌ಗಾರ್ಡ್ ಕಳಚಿದ, ಕ್ಯಾರಿಯರ್ ಬಿಚ್ಚಿದ, ದಪ್ಪ ಹಲ್ಲಿನ ಟಯರ್ ಹಾಕಿದ. ಗಾಳಿ ಅರ್ಧವಿದ್ದರೆ ಟಯರು ಮಣ್ಣನ್ನು ಕಚ್ಚಿ ಹಿಡಿಯುತ್ತದೆಂದು ಮೊಬೈಲು ನೋಡಿ ಕಲಿತಿದ್ದ.

"ಹ್ವಾಯ್, ಹನ್ನೆರಡ್ ಗಂಟಿಯೊಳ್ಗ್ ಬನ್ನಿ. ಬ್ರಹ್ಮಾವರದಗೆ ತಂಗಿ ಹೊಸ ಮನಿ ಒಕ್ಕಲು, ಸ್ಕೂಟರಲ್ ಹೋಪ್ಕಿತ್," ಎಂದಳು ಹೆಂಡತಿ ಕುಸುಮ.

"ಬತ್ತೆ ಮಾರಾಯ್ತಿ," ಎನ್ನುತ್ತ ಚಹಾ ಮುಗಿಸಿ ಹೊರಬಂದರೆ, ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರ್ ಚಂದಯ್ಯ ಕಾಲುಪಂಪಿನ ಪಕ್ಕ ಬೆವರು ಒರೆಸಿಕೊಳ್ಳುತ್ತಿದ್ದ.

"ಎಂತ ರಾಜೀವ, ಟಯರಗೆ ಗಾಳಿಯೇ ಇಲ್ಲೆ! ಕಲ್ಲಿನಂಗ್ ಮಾಡಿದೆ ಕಾಣ್."

ಹಿರಿಯರ ಮನಸ್ಸು ನೋಯಿಸುವುದು ಹೇಗೆ? ರಾಜೀವ ಕೈಮುಗಿದು ಹೊರಟು, ತಿರುವಿನಾಚೆ ನಿಂತು ಮತ್ತೆ ಗಾಳಿ ಬಿಟ್ಟ.

ದಾರಿಯಲ್ಲಿ ಹಾಲಾಡಿಯ ಹೋಟೆಲಿನಲ್ಲಿ ಬನ್ಸು ತಿಂದು ಹೊರಬರುವಷ್ಟರಲ್ಲಿ ಎದುರಿನ ಗ್ಯಾರೇಜಿನ ಪ್ರವೀಣ್ ಮಿಷನ್ನಿನಿಂದ ಟಯರು ಉಬ್ಬಿಸಿಬಿಟ್ಟಿದ್ದ. ರಾಜೀವ ವಿಷಯ ವಿವರಿಸಿದ. "ಗಾಳಿ ಕಮ್ಮಿ ಇದ್ರ್ ಒಳ್ಳೇದಾ ಅಣ್ಣ?" ಎಂದ ಪ್ರವೀಣ್, ಮುಳ್ಳು ಜಾಸ್ತಿ ಇರುವ ಮೀನೇ ರುಚಿ ಎಂದವನನ್ನು ನೋಡುವಂತೆ ನೋಡಿದ.

ರಾಜೀವನ ತಾಳ್ಮೆ ಮುಗಿಯಿತು. ಮತ್ತೊಮ್ಮೆ ಗಾಳಿ ಬಿಟ್ಟು, ರಟ್ಟಿನ ಮೇಲೆ 'ಗಾಳಿ ಬೇಕಂತಲೇ ಬಿಟ್ಟದ್ದು. ದಯವಿಟ್ಟು ತುಂಬಬೇಡಿ' ಎಂದು ಬರೆದು ಹ್ಯಾಂಡಲಿಗೆ ಕಟ್ಟಿದ. ಸ್ಕೂಟರಿನಲ್ಲಿ ಮೀನು ಮಾರಲು ಬಂದಿದ್ದ ಅವನ ಊರಿನ ಜಲಜ ಅದನ್ನೋದಿ ಬಿದ್ದು ಬಿದ್ದು ನಕ್ಕಳು.

"ಹ್ವಾಯ್ ರಾಜೀವಣ್ಣ, ನಿಲ್ಲಿ, ಫೋಟೊ ತೆಗ್ದ್ ಊರ್ ಗ್ರೂಪಿಗ್ ಹಾಕ್ತೆ. ಇನ್ನ್ ಯಾರೂ ನಿಮ್ ಗಾಳಿ ಸುದ್ದಿಗ್ ಬತ್ತಿಲ್ಲೆ!"

ಮಣ್ಣುದಾರಿಗೆ ಇಳಿದಾಗ ಮಾತ್ರ ವಾರದ ಶ್ರಮವೆಲ್ಲ ಸಾರ್ಥಕವಾಯಿತು. ಜಲ್ಲಿ, ಬೇರು, ಇಳಿಜಾರು ಯಾವುದಕ್ಕೂ ಸೈಕಲ್ಲು ಜಗ್ಗಲಿಲ್ಲ. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ರಾಜೀವ ಒಂದು ಹಾಡನ್ನೂ ಹೇಳಿದ. ಎರಡನೇ ಚರಣಕ್ಕೆ ಮುಳ್ಳು ಚುಚ್ಚಿತು.

ಹೆದರಲಿಲ್ಲ. ಟ್ಯೂಬು ತಂದಿದ್ದ, ತಾನೇ ಬದಲಾಯಿಸಿದ. ಪಂಪಿಗೆ ಕೈಹಾಕಿದಾಗ ನೆನಪಾಯಿತು: ಅದನ್ನು ಕಟ್ಟಿದ್ದು ಕ್ಯಾರಿಯರಿಗೆ, ಕ್ಯಾರಿಯರ್ ಇರುವುದು ಮನೆಯಲ್ಲಿ. ಸೈಕಲ್ ತಳ್ಳುತ್ತ ಅಮಾಸೆಬೈಲು ತಲುಪಿದರೆ ಪಂಕ್ಚರ್ ಅಂಗಡಿಗೆ ಭಾನುವಾರದ ಬೀಗ. ಗಂಟೆ ಹತ್ತೂವರೆ. ಕುಸುಮಳಿಗೆ ಹೇಳುವ ಧೈರ್ಯವಿಲ್ಲದೆ ಚಂದಯ್ಯನಿಗೆ ಫೋನ್ ಮಾಡಿದ.

"ಚಂದಯ್ಯಣ್ಣ, ನನ್ ಸ್ಕೂಟರ್ ಹಿಡ್ಕಂಡ್, ನಿಮ್ ಪಂಪ್ ತಕಂಡ್ ಒಂಚೂರ್ ಅಮಾಸೆಬೈಲಿಗ್ ಬನ್ನಿಯಲೆ."

ಆ ಕಡೆ ಚಂದಯ್ಯನ ದನಿ ಮೆತ್ತಗಾಯಿತು. "ರಾಜೀವ, ಜಲಜ ಹಾಕಿದ್ ಫೋಟೊ ಕಂಡೆ. ಅಷ್ಟ್ ವರ್ಷ ಬಸ್ ಬಿಟ್ಟವ, ಗಾಳಿ ಕಮ್ಮಿ ಇದ್ರೇ ಒಳ್ಳೇದ್ ಅಂದೇಳಿ ನಂಗೇ ಗೊತ್ತಿರ್ಲಿಲ್ಲೆ ಕಾಣ್. ಬೆಳಿಗ್ಗೆ ಮಾಡಿದ್ ತಪ್ಪಿಗೆ ಬೇಜಾರಾಯ್ತ್. ಅದ್ಕೆ ನಿನ್ ಸ್ಕೂಟರಿಂದೂ ಅರ್ಧ ಗಾಳಿ ಬಿಡುಕ್ ಹೋದೆ. ಪೂರಾ ಹೋಯ್ತ್."

"ಪಂಪಲ್ ತುಂಬ್ಸಿ ಮಾರಾಯ್ರೆ!"

"ಪಂಪ್ ಎಲ್ಲಿತ್? ಇನ್ನ್ ಅದ್ರ ಕೆಲ್ಸ ಇಲ್ಲೆ ಅಂದೇಳಿ ಈಗಷ್ಟೇ ಗುಜರಿಯವ್ನಿಗ್ ಕೊಟ್ಟೆ. ಕುಸುಮ ಪಟ್ಟೆಸೀರಿ ಉಟ್ಕಂಡ್ ಸ್ಕೂಟರ್ ಹತ್ರವೇ ನಿಂತಿತ್. ಫೋನ್ ಕೊಡ್ಲಾ?"

ರಾಜೀವ ಬೇಡವೆನ್ನುವ ಮೊದಲೇ ಆ ಕಡೆಯಿಂದ ಕುಸುಮಳ ದನಿ ಕೇಳಿಸಿತು: "ಹ್ವಾಯ್!"