ಒಗೆಯಬಾರದಿದ್ದ ಸೀರೆ

ನಂದೀಶ್ವರಯ್ಯನವರು ತೀರಿಹೋದ ಹೆಂಡತಿಯ ಹಸಿರು ಸೀರೆಯನ್ನು ಸೋಪು ಹಾಕಿ ಒಗೆಸಿ, ಇಸ್ತ್ರಿ ಮಾಡಿಸಿ ಇಟ್ಟದ್ದೇ ಆ ದಿನದ ಫಜೀತಿಗೆಲ್ಲ ಮೂಲ.

ಆಕೆ ಚನ್ನಮಲ್ಲಮ್ಮ. ಕೊಳಾಲದ ಹತ್ತಿರದ ಆ ಹಳ್ಳಿಯ ಅಂಗನವಾಡಿಯಲ್ಲಿ ಟೀಚರಾಗಿದ್ದು, ಕೆಲಸದಲ್ಲಿರುವಾಗಲೇ ಶಿವನ ಪಾದ ಸೇರಿದ್ದಳು. ಮಧ್ಯಾಹ್ನ ಊಟವಾದ ಮೇಲೆ ಮಕ್ಕಳ ನಡುವೆ ಕುಳಿತು ಸೆರಗನ್ನು ಉದ್ದಕ್ಕೂ ಹರಡುತ್ತಿದ್ದಳು. ಒಬ್ಬೊಬ್ಬರೂ ಅದರ ಒಂದೊಂದು ತುಣುಕು ಹಿಡಿದುಕೊಂಡು ನಿದ್ದೆಹೋಗುತ್ತಿದ್ದರು. ಸಂಜೆ ಆಕೆ ಮನೆಗೆ ಬಂದಾಗ ಮಕ್ಕಳ ಕೊಳೆ ಮೆತ್ತಿದ ಆ ಸೆರಗನ್ನು ನೋಡಿ ನಂದೀಶ್ವರಯ್ಯನವರು ಮೂಗು ಮುರಿಯುತ್ತಿದ್ದರು. ಸದಾ ವಿಭೂತಿ, ಸದಾ ಮಡಿಕೆ ಮುರಿಯದ ಪಂಚೆ. ಹೆತ್ತ ಮಕ್ಕಳನ್ನೇ ಎತ್ತಿ ಆಡಿಸಿದವರಲ್ಲ. ಹೊಲದ ಅಂಚಿನ ಕಲ್ಲಿನಂತೆ ನೆಟ್ಟಗೆ ಬದುಕಿದ ಮನುಷ್ಯ. ಆಕೆ ಹೋದ ಮೇಲೆ ಆ ಕಲ್ಲಿಗೂ ಮಧ್ಯಾಹ್ನಗಳು ಬಹಳ ಉದ್ದವಾಗಿಬಿಟ್ಟಿದ್ದವು.

ಅಂಗನವಾಡಿಗೆ ಹೊಸದಾಗಿ ಬಂದ ವರಲಕ್ಷ್ಮಿ ಒಳ್ಳೆಯ ಹುಡುಗಿ. ಹಾಡು, ಕುಣಿತ, ಬಣ್ಣದ ಚಿತ್ರ, ಎಲ್ಲ ಬಲ್ಲಳು. ಆದರೆ ಊಟವಾಗುತ್ತಲೇ ಮಕ್ಕಳು ಚನ್ನಮಲ್ಲಮ್ಮನನ್ನು ನೆನೆದು ಅಜ್ಜಿ ಬೇಕೆಂದು ಅಳಲು ಶುರುಮಾಡುತ್ತಿದ್ದರು. ಅಳು ಕೇಳಲಾರದೆ ಒಂದಿಬ್ಬರು ತಾಯಂದಿರು ಮಕ್ಕಳನ್ನು ಕೊರಟಗೆರೆಯ ಕಾನ್ವೆಂಟಿನ ವ್ಯಾನು ಹತ್ತಿಸಿಬಿಟ್ಟರು. ಮಕ್ಕಳು ಹೀಗೆ ಕಡಿಮೆಯಾದರೆ ಈ ಕೇಂದ್ರವನ್ನು ಪಕ್ಕದ ಊರಿನದಕ್ಕೆ ಸೇರಿಸಿ ಬಾಗಿಲು ಹಾಕಬೇಕಾಗುತ್ತದೆ ಎಂದು ಮೇಲ್ವಿಚಾರಕಿ ಹೇಳಿದ್ದರು. ಅವರು ಕಣ್ಣಾರೆ ನೋಡಲು ಬರುವ ದಿನ ಅಂದೇ.

ಹೊತ್ತು ನೆತ್ತಿಗೇರುವ ವೇಳೆಗೆ ಅಂಗನವಾಡಿಯ ಸಹಾಯಕಿ ಚಿಕ್ಕಕ್ಕ ಏದುಸಿರು ಬಿಡುತ್ತ ನಂದೀಶ್ವರಯ್ಯನವರ ಬಾಗಿಲಿಗೆ ಬಂದಳು.

“ಅಯ್ನೋರೆ, ಅಮ್ಮಾರ ಸೀರೆ ಒಂದ್ ಕೊಡಿ. ಐಕ್ಳು ಸೆರಗು ಹಿಡೀದೆ ಮಲಗಾಕಿಲ್ಲ. ಬಾಗ್ಲು ಮುಚ್ಚುದ್ರೆ ಅಮ್ಮಾರು ಮಾಡಿದ್ದೆಲ್ಲ ಮಣ್ಣಾಯ್ತದೆ.”

ಆ ಕೊನೆಯ ಮಾತು ಅವರಿಗೆ ತಾಕಿತು. ಹೆಂಡತಿಯ ಸೀರೆಯನ್ನು ಇನ್ನೊಬ್ಬರ ಕೈಗೆ ಕೊಡಲು ಮನಸ್ಸು ಬರದೆ, ಪೂಜೆಯ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದು ತಾವೇ ಹೊರಟರು.

ಅಂಗನವಾಡಿಯೊಳಗೆ ಗದ್ದಲವೋ ಗದ್ದಲ. ಶುಕ್ರವಾರ ಗೊರವನಹಳ್ಳಿಯ ಗುಡಿಗೆ ಹೊರಟ ಬಸ್ಸಿನಲ್ಲೂ ಅಷ್ಟು ಇರಲಾರದು. ವರಲಕ್ಷ್ಮಿ ಸೀರೆಯನ್ನು ಹೊದ್ದು ಕುಳಿತಳು. ಭುವನಾ ಎಂಬ ಪುಟ್ಟ ಹುಡುಗಿ, ಆ ಮಕ್ಕಳಿಗೆಲ್ಲ ಯಜಮಾನಿ, ಸೆರಗನ್ನು ಮೂಗಿಗೆ ಹಿಡಿದು ನೋಡಿ ಎಸೆದಳು.

“ಇದು ಅಜ್ಜೀದಲ್ಲ. ಅಂಗ್ಡೀದು.”

ಅಳು ಎರಡರಷ್ಟಾಯಿತು. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ನೆರೆಯ ಓಬಳಯ್ಯ ಕಿಟಕಿಗೆ ಮುಖ ಅಂಟಿಸಿ, ಅಯ್ಯನವರೇ ಸೀರೆ ಹೊದ್ದು ಕೂತರೆ ಅಜ್ಜಿಯ ಮನೆಯ ವಾಸನೆ ಬಂದೀತೆಂದು ಸಲಹೆ ಕೊಟ್ಟ. ಬೇರೆ ದಾರಿಯೇ ಇರಲಿಲ್ಲ. ಹಸಿರು ಸೆರಗಿನೊಳಗಿಂದ ಹೊರಬಿದ್ದ ಬಿಳಿಯ ಮೀಸೆಯನ್ನು ಕಂಡು, ಅದುವರೆಗೆ ಸುಮ್ಮನಿದ್ದ ಮಗುವೂ ಕಿರುಚಿಕೊಂಡಿತು.

ಚಿಕ್ಕಕ್ಕ ಇನ್ನು ತಡೆಯಲಿಲ್ಲ. ಸೆರಗು ಎಳೆದು ಒಂದು ಮಗುವಿನ ಮೂಗು ಒರೆಸಿದಳು. ಇನ್ನೊಂದರ ಬೆಲ್ಲದ ಕೈ ಒರೆಸಿದಳು. ಪುಷ್ಟಿ ಹಿಟ್ಟಿನ ಡಬ್ಬಿ ತಂದು ಸೆರಗಿನ ಮೇಲೆಯೇ ಒಂದು ಹಿಡಿ ಉದುರಿಸಿದಳು. ಅಯ್ಯನವರ ಬಾಯಿ ಗದರಲು ತೆರೆಯಿತು, ಹಾಗೆಯೇ ನಿಂತಿತು.

ಹಿಟ್ಟು, ಬೆಲ್ಲ, ಮಕ್ಕಳ ಹಸಿ ಮೂಗು, ತಮ್ಮ ಎದೆಯ ವಿಭೂತಿ, ಎಲ್ಲ ಕಲೆತು ಒಂದು ವಾಸನೆಯಾಗಿ ಮೂಗಿಗೆ ಬಂತು. ಸಂಜೆ ಹೊಸಿಲು ದಾಟಿ ಒಳಗೆ ಬರುತ್ತಿದ್ದ ಚನ್ನಮಲ್ಲಮ್ಮನೇ ಅದು. ಒಗೆಸಿ ತಾವೇ ಕಳೆದುಕೊಂಡಿದ್ದನ್ನು ಈ ಸಿಂಬಳದ ಮೂತಿಗಳು ತಂದುಕೊಟ್ಟಿದ್ದವು. ಅವರು ಸೆರಗಿನಲ್ಲೇ ಕಣ್ಣೊರೆಸಿಕೊಂಡರು.

ಭುವನಾ ಮತ್ತೆ ಮೂಸಿದಳು. “ಈಗ ಅಜ್ಜೀದು,” ಎಂದು ಅವರ ತೊಡೆಯ ಮೇಲೆ ತಲೆಯಿಟ್ಟಳು. “ತಟ್ಟು.”

ಅವರು ಹುಣಸೆಹಣ್ಣು ಬಡಿದಂತೆ ತಟ್ಟಿದರು.

“ಮೆಲ್ಲುಕ್ ತಟ್ಟು ತಾತ. ನಿಂಗೆ ಯಾರೂ ತಟ್ಟಿಲ್ವಾ?”

ಮೆಲ್ಲಗೆ ತಟ್ಟಿದರು. ಜೋಗುಳ ಬಾರದ್ದರಿಂದ, ಬಾಯಿಗೆ ಬರುವ ಪಂಚಾಕ್ಷರಿಯನ್ನೇ ರಾಗವಾಗಿ ಎಳೆದರು. ಒಂದೊಂದೇ ಮಗು ಬಂದು ಸೀರೆಯ ಒಂದೊಂದು ತುದಿ ಹಿಡಿಯಿತು. ಇಬ್ಬರು ತೊಡೆಗೆ, ಒಬ್ಬ ಬೆನ್ನಿಗೆ, ಮತ್ತೊಬ್ಬ ಶಿವದಾರ ಹಿಡಿದುಕೊಂಡು ಎದೆಗೆ. ಬಸ್ಸಿನಂತಿದ್ದ ಕೋಣೆ ಗರ್ಭಗುಡಿಯಂತಾಯಿತು.

ಆಗಲೇ ಹೊರಗೆ ಮೇಲ್ವಿಚಾರಕಿಯ ಸ್ಕೂಟರು ನಿಂತಿತು. ಅಯ್ಯನವರು ಏಳುವಂತಿಲ್ಲ, ಸೆರಗು ಸರಿಸುವಂತಿಲ್ಲ.

“ಸೋಬಾನೆ ಒಂದ್ ಬಾಕಿ ಕಣಮ್ಮ,” ಎಂದ ಓಬಳಯ್ಯ ಕಿಟಕಿಯಿಂದ. ಚಿಕ್ಕಕ್ಕ ಅವನತ್ತ ಪೊರಕೆ ತೋರಿಸಿದಳು.

ಮೇಲ್ವಿಚಾರಕಿ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಮಲಗಿದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನೋಡುತ್ತ ಒಳಗೆ ಬಂದರು. ಕೇಂದ್ರವನ್ನು ಮುಚ್ಚುವ ಮಾತೇ ಇಲ್ಲವೆಂದು ವರಲಕ್ಷ್ಮಿಯ ಕಿವಿಯಲ್ಲಿ ಹೇಳಿದರು. ಹುಡುಗಿ ಅತ್ತೇಬಿಟ್ಟಳು. ಅಯ್ಯನವರು ಮನಸ್ಸಿನಲ್ಲೇ ಶಿವನಿಗೆ ಕೈಮುಗಿದರು, ಹೆಂಡತಿಗೂ ಮುಗಿದರು. ನಿನ್ನ ಮನೆ ಉಳಿಯಿತು ಮಾರಾಯ್ತಿ, ಮಕ್ಕಳು ಏಳಲಿ, ಸೀರೆ ಬಿಚ್ಚಿಟ್ಟು ಮೊದಲಿನ ಮನುಷ್ಯನಾಗಿ ಮನೆಗೆ ಹೋಗುತ್ತೇನೆ ಎಂದುಕೊಂಡರು.

ಮೇಲ್ವಿಚಾರಕಿ ಅವರ ಪಕ್ಕ ಬಂದು ಕುಕ್ಕರಗಾಲಿನಲ್ಲಿ ಕುಳಿತರು. “ಸ್ವಾಮಿ, ನಾನು ಉಲ್ಟಾ ಯೋಚನೆ ಮಾಡಿದ್ದೆ. ಪಕ್ಕದೂರಿನ ಕೇಂದ್ರ ಸೋರ್ತಾ ಇದೆ. ಅಲ್ಲಿನ ಮಕ್ಕಳನ್ನೇ ಸೋಮವಾರದಿಂದ ಇಲ್ಲಿಗೆ ಸೇರಿಸಿಬಿಡ್ತೀನಿ. ಇನ್ನೊಂದು ಇಪ್ಪತ್ತಾಗಬಹುದು ಅಷ್ಟೆ. ನೀವು ಇರ್ತೀರಲ್ಲ. ಬೇಡ ಅನ್ನೋದಾದ್ರೆ ಈಗಲೇ ಹೇಳಿ.”

ಬೇಡವೆನ್ನಲು ಅಯ್ಯನವರು ಉಸಿರು ಎಳೆದುಕೊಂಡರು. ಎದೆಯ ಮೇಲಿನ ಮಗು ಮಿಸುಕಿತು. ಮಾತಾಡಿದರೆ ಏಳುತ್ತದೆ. ಅವರು ಆ ಉಸಿರನ್ನು ಹಾಗೆಯೇ ಮೆಲ್ಲನೆ ಹೊರಗೆ ಬಿಟ್ಟರು. ಅವರು ಒಪ್ಪಿದರೆಂದೇ ತಿಳಿದು ಮೇಲ್ವಿಚಾರಕಿ ಕೈಮುಗಿದು ಎದ್ದುಹೋದರು.

ಸ್ಕೂಟರಿನ ಸದ್ದು ಅಡಗಿದ ಮೇಲೆ ಓಬಳಯ್ಯ ಮತ್ತೆ ಕಿಟಕಿಗೆ ಬಂದ.

“ಅಂಗಾರೆ ಸೋಮ್ವಾರ ಬರ್ತೀರಾ ಅಯ್ನೋರೆ?”

“ಎದ್ದು ಹೋದ್ರೆ ತಾನೆ ಬರೋದು?” ಎಂದರು ನಂದೀಶ್ವರಯ್ಯನವರು ಪಿಸುದನಿಯಲ್ಲಿ. “ಎರಡು ಕಾಲೂ ಜೋಮು ಹಿಡಿದಿದೆ. ಸುಮ್ನೆ ಹೋಗಯ್ಯ, ಮಕ್ಕಳು ಏಳ್ತವೆ.”

ಮತ್ತೆ ತಟ್ಟತೊಡಗಿದರು.